ಮನೆಗೆಲಸ, ಹೊಲದ ಕೆಲಸವನ್ನೇ ಮತ್ತೆ ಆಟದಲ್ಲೂ ಮಾಡುವುದರಲ್ಲಿ ಏನು ಮಜಾ?

ದಿನವಿಡೀ ದುಡಿದು ಬಂದವರು ಸಂಸಾರ ನಡೆಸುವ ಕಂಪ್ಯೂಟರ್ ಆಟ ‘ದಿ ಸಿಮ್ಸ್’ನಲ್ಲಿ ಪಾತ್ರೆ ತೊಳೆಸುತ್ತ, ಬೇಸಾಯದ ಆಟ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲಿ ಗಿಡಕ್ಕೆ ನೀರು ಹಾಕುತ್ತ ನಡುರಾತ್ರಿವರೆಗೆ ಯಾಕೆ ಕೂರುತ್ತಾರೆ, ಇಂಥ ಆಟ ಇಷ್ಟೊಂದು ಮಾರಾಟವಾಗಿದ್ದು ಹೇಗೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಗುಟ್ಟು ಇಷ್ಟೇ: ಈ ಆಟಗಳಲ್ಲಿ ಪಟ್ಟ ಪಾಡಿಗೆ ಎಷ್ಟು ಫಲ ಸಿಗುತ್ತದೆ ಅನ್ನೋದು ಮೊದಲೇ ಗೊತ್ತು. ಕೊರತೆ ಇರೋದು ಹೊತ್ತಿಗೆ.

ಸ್ಟಾರ್‌ಡ್ಯೂವನ್ನೇ ತಗೊಳ್ಳಿ. ಎರಿಕ್ ಬರೋನ್ ಒಬ್ಬರೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲಾ ಮಾಡಿ 2016ರ ಫೆಬ್ರುವರಿಯಲ್ಲಿ ಬಿಟ್ಟ ಆಟ. ಈಗ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಶುರುವಿನಲ್ಲಿ ನಿಮ್ಮ ಕೈಲಿ 500 ಗೋಲ್ಡ್ (ಆಟದ ದುಡ್ಡು), 15 ಪಾರ್ಸ್ನಿಪ್ (ಕ್ಯಾರೆಟ್‌ನಂಥ ಗಡ್ಡೆ) ಬೀಜ, ಮೈಯಲ್ಲಿ 270 ಅಂಶ ಶಕ್ತಿ. ಒಂದು ಚೌಕ ಅಗೆಯಲು 2, ನೀರು ಹಾಕಲು 2 ಖರ್ಚು. ಬೆಳಿಗ್ಗೆ 6ಕ್ಕೆ ಎದ್ದರೆ ರಾತ್ರಿ 2ರೊಳಗೆ ಹಾಸಿಗೆ ಸೇರಬೇಕು. ಆಟದ ಹತ್ತು ನಿಮಿಷ ಅಂದರೆ ನಮ್ಮ 7 ಸೆಕೆಂಡ್, ಹಾಗಾಗಿ ಇಡೀ ದಿನ ನಮ್ಮ ಗಡಿಯಾರದಲ್ಲಿ ಬರೀ 14 ನಿಮಿಷ. ಪಾರ್ಸ್ನಿಪ್ ಬೀಜಕ್ಕೆ 20 ಗೋಲ್ಡ್, ನಾಲ್ಕು ದಿನಕ್ಕೆ ಕೊಯ್ಲು, ಮಾರಿದರೆ 35. ಎಷ್ಟು ತಂದು ಸುರಿದರೂ ದರ ಬೀಳಲ್ಲ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಈ ಮಾತು ಹೇಳಿದರೆ ನಗುತ್ತಾರೆ, ಆದರೆ ಆಟದ ಅರ್ಧ ರುಚಿ ಇರೋದೇ ಅಲ್ಲಿ.

ಹಾಗಂತ ತಪ್ಪಿಗೆ ಬೆಲೆ ಇಲ್ಲ ಅಂತಲ್ಲ. ಒಂದು ಋತುವಿಗೆ 28 ದಿನ, ಹೂಕೋಸಿಗೆ 12 ದಿನ ಬೇಕು. 16ನೇ ತಾರೀಖಿನೊಳಗೆ ಹಾಕಿದರೆ ಬೆಳೆ ಕೈಗೆ. 17ಕ್ಕೆ ಹಾಕಿದರೆ ಋತು ಮಗುಚಿದ ಬೆಳಿಗ್ಗೆ ಎಲ್ಲಾ ಒಣಗಿ ನಿಂತಿರುತ್ತದೆ. ಒಂದು ದಿನ ನೀರು ತಪ್ಪಿದರೆ ಗಿಡ ಸಾಯಲ್ಲ, ಆ ದಿನದ ಬೆಳವಣಿಗೆ ಮಾತ್ರ ಹೋಗುತ್ತದೆ. ಹೊಸಬರು ಎಡವೋದು ಬೇರೆ ಕಡೆ: ಇದ್ದ ದುಡ್ಡಿಗೆಲ್ಲ ಬೀಜ ತಂದುಬಿಡುತ್ತಾರೆ, ಆಮೇಲೆ ದಿನದ ಶಕ್ತಿಯೆಲ್ಲ ನೀರಿಗೇ ಹೋಗಿ ಮಧ್ಯಾಹ್ನದ ಹೊತ್ತಿಗೆ ಏದುಸಿರು.

ಆಟದ ಜಾಣತನ ಬರೋದು ಇಲ್ಲಿ. ನೀರು ಹಾಕಿ ಹಾಕಿ ನಿಮಗೆ ಬೇಸರ ಬರುವ ಹೊತ್ತಿಗೆ ಸರಿಯಾಗಿ ಸ್ಪ್ರಿಂಕ್ಲರ್, ಅಂದರೆ ತಾನೇ ನೀರು ಚಿಮುಕಿಸುವ ಸಲಕರಣೆ, ಮಾಡುವ ವಿದ್ಯೆ ಸಿಗುತ್ತದೆ. ಮೊದಲನೆಯದು ನಾಲ್ಕು ಚೌಕಕ್ಕೆ, ಮುಂದಿನದು ಎಂಟಕ್ಕೆ. ಮೊದಲನೆಯದಕ್ಕೆ ತಾಮ್ರ, ಕಬ್ಬಿಣ ಬೇಕು, ಅದು ಗಣಿಯಲ್ಲಿದೆ, ಹಾಗಾಗಿ ನಾಳೆ ಗಣಿಗೆ ಹೋಗಬೇಕು. ಸೇವ್ ಆಗೋದು ಮಲಗಿದಾಗ ಮಾತ್ರ, ಮಲಗಿ ಎದ್ದರೆ ಕಣ್ಣೆದುರು ಹೊಸ ಬೆಳಗು. ನಿಲ್ಲಿಸುವ ಜಾಗ, ಶುರುಮಾಡುವ ಜಾಗ ಎರಡನ್ನೂ ಒಂದರ ಪಕ್ಕ ಒಂದು ಇಟ್ಟಿದ್ದಾರೆ. ‘ಇನ್ನೊಂದೇ ದಿನ’ ಅಂತ ಬೆಳಗಿನ ಜಾವ ಆಗೋದು ಹೀಗೆ.

ಸಿಮ್ಸ್‌ನ ಕಟ್ಟು ಬೇರೆ. 1991ರಲ್ಲಿ ಅಮೆರಿಕದ ಓಕ್ಲೆಂಡ್ ಕಾಳ್ಗಿಚ್ಚಿನಲ್ಲಿ, ಈ ಆಟ ಮಾಡಿದ ವಿಲ್ ರೈಟ್ ಅವರ ಮನೆ ಸುಟ್ಟುಹೋಯಿತು. ಮತ್ತೆ ಒಂದೊಂದೇ ಸಾಮಾನು ಹೊಂದಿಸುವಾಗ ಹೊಳೆದದ್ದು ಇದು. ಮೊದಲು ಯೋಚಿಸಿದ್ದು ಬರೀ ಮನೆ ಕಟ್ಟುವ ಆಟ. ಕಟ್ಟಿದ ಮನೆ ಹೇಗಿದೆ ಅಂತ ಪರೀಕ್ಷಿಸಲು ಒಳಗೆ ಮನುಷ್ಯರನ್ನು ಬಿಟ್ಟರು, ಕೊನೆಗೆ ಅವರೇ ಆಟವಾದರು. 2000ದ ಫೆಬ್ರುವರಿಯಲ್ಲಿ ಬಂದ ಮೊದಲ ಸಿಮ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಹಸಿವು, ನಿದ್ದೆ, ಶೌಚ, ಸ್ನಾನ, ಮೋಜು, ಒಡನಾಟ ಹೀಗೆ ಎಂಟು ಅಗತ್ಯ. ಬುದ್ಧಿಯ ದೊಡ್ಡ ಪಾಲು ಮನುಷ್ಯರಲ್ಲಿಲ್ಲ, ಸಾಮಾನುಗಳಲ್ಲಿದೆ: ‘ಹಸಿವಾದರೆ ನನ್ನ ಹತ್ತಿರ ಬಾ’ ಅಂತ ಫ್ರಿಜ್ಜು ಕರೆಯುತ್ತದೆ, ‘ಬೇಜಾರಾದರೆ ನಾನಿದ್ದೇನೆ’ ಅಂತ ಟಿವಿ. ಹತ್ತಿರದ ಕೂಗು ಜೋರು. ಹೊಸ ವಸ್ತು ಬಂದರೆ ಅದನ್ನು ಬಳಸುವ ಬಗೆಯೂ ಅದರ ಜೊತೆಗೇ ಬರುತ್ತದೆ. ಆದ್ದರಿಂದಲೇ ಒಂದರ ಮೇಲೊಂದು ಎಕ್ಸ್‌ಪ್ಯಾನ್ಷನ್ ಪ್ಯಾಕ್ (ಆಟಕ್ಕೆ ಹೊಸದನ್ನು ಸೇರಿಸುವ ಕಂತು) ತಂದು ಮಾರುವುದು ಸಲೀಸಾಯಿತು. ಅಗ್ಗದ ಮಂಚದಲ್ಲಿ ನಿದ್ದೆ ನಿಧಾನ, ದುಬಾರಿಯದರಲ್ಲಿ ಬೇಗ. ಅಂದರೆ ಇಲ್ಲಿ ದುಡ್ಡು ಕೊಟ್ಟು ಕೊಳ್ಳೋದು ಹೊತ್ತನ್ನು. ಮಾತು ಸಿಮ್ಲಿಶ್, ಅರ್ಥವೇ ಇಲ್ಲದ ಭಾಷೆ, ಹಾಗಾಗಿ ಅತ್ತೆ ಏನು ಬೈದಳು ಅನ್ನೋದನ್ನು ನೀವೇ ಊಹಿಸಿಕೊಳ್ಳಬೇಕು. ಅದಂತೂ ನಮ್ಮವರಿಗೆ ಕಷ್ಟವೇ ಅಲ್ಲ.

ಫೇಸ್‌ಬುಕ್ಕಿನ ಬೇಸಾಯದ ಆಟ ಫಾರ್ಮ್‌ವಿಲ್ ಮುಗ್ಗರಿಸಿದ್ದೂ ಈ ಹೊತ್ತಿನ ವಿಷಯದಲ್ಲೇ ಅನ್ನೋದು ನನ್ನ ಅನಿಸಿಕೆ. ಅಲ್ಲಿ ಓಡುತ್ತಿದ್ದದ್ದು ನಮ್ಮ ಗಡಿಯಾರ. ಸ್ಟ್ರಾಬೆರಿ ಹಾಕಿದರೆ ನಾಲ್ಕು ಗಂಟೆಗೆ ಬೆಳೆ, ಮರೆತರೆ ಬಾಡುತ್ತಿತ್ತು. ಆಟವೇ ನಮ್ಮನ್ನು ಆಳನ್ನಾಗಿ ಮಾಡಿಕೊಂಡಂತೆ.

ನೀವೇ ನೋಡಬೇಕೆಂದರೆ ಸ್ಟಾರ್‌ಡ್ಯೂವಿನಲ್ಲಿ ವಸಂತದ 13ರವರೆಗೆ ಆಡಿ. ಅವತ್ತು ಮೊಟ್ಟೆ ಹಬ್ಬ, ಸ್ಟ್ರಾಬೆರಿ ಬೀಜ 100 ಗೋಲ್ಡ್‌ಗೆ ಸಿಗುತ್ತದೆ. ಅಂದೇ ನೆಟ್ಟರೆ ಋತು ಮುಗಿಯುವುದರೊಳಗೆ ಎರಡು ಕೊಯ್ಲು. ತೊಡಕೆಂದರೆ ಹಬ್ಬ ಮುಗಿಸಿ ಮನೆಗೆ ಬರುವಾಗ ರಾತ್ರಿ 10 ಆಗಿರುತ್ತದೆ, ಉಳಿಯೋದು ನಮ್ಮ ಮೂರು ನಿಮಿಷಕ್ಕೂ ಕಮ್ಮಿ. ಅದಕ್ಕೇ ಬೆಳಿಗ್ಗೆಯೇ ಖಾಲಿ ನೆಲ ಅಗೆದು, ನೀರು ಹಾಕಿಟ್ಟು ಹೋಗಿ. ಬಂದ ಮೇಲೆ ಕತ್ತಲಲ್ಲಿ ಬೀಜ ಉದುರಿಸುತ್ತ ಹೋಗೋದಷ್ಟೇ ಬಾಕಿ.