ಬಿಸಿನೆಸ್ ಶುರು ಮಾಡಲು ಒಳ್ಳೆ ಸಮಸ್ಯೆಯನ್ನು ಹುಡುಕೋದು ಹೇಗೆ?

ಜನ ಈಗಾಗಲೇ ಯಾವುದಕ್ಕೆ ಪರದಾಡುತ್ತಿದ್ದಾರೆ, ದುಡ್ಡೋ ಸಮಯವೋ ಸುರಿಯುತ್ತಿದ್ದಾರೆ ಅಂತ ನೋಡಿ. ಬೇಡಿಕೆ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ಸುಮ್ನೆ "ಇದ್ದರೆ ಚೆನ್ನಾಗಿರುತ್ತೆ" ಅನ್ನುವವರು ಆಮೇಲೆ ಜೇಬಿಗೆ ಕೈ ಹಾಕೋದು ಕಡಿಮೆ.

ಆನ್‌ಲೈನ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡಿಕೊಡುವ ರೆಡ್‌ಬಸ್ ಕಥೆ ನೋಡಿ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಫಣೀಂದ್ರ ಸಾಮ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಒಬ್ಬ ಏಜೆಂಟ್‌ನಿಂದ ಇನ್ನೊಬ್ಬರ ಹತ್ತಿರ ಅಲೆದದ್ದೇ ಬಂತು. ಹಬ್ಬಕ್ಕೆ ಟಿಕೆಟ್ ಸಿಗದಿರೋದು ಹೊಸದೇನಲ್ಲ, ಅಲ್ವಾ? ಆದರೆ ಅವರು ಅಷ್ಟಕ್ಕೇ ಬಿಡದೆ, ಈ ವ್ಯವಹಾರ ನಡೆಯೋದು ಹೇಗೆ ಅಂತ ವಿಚಾರಿಸಿದರು. ಏಜೆಂಟರು ಬಸ್ ಮಾಲೀಕರಿಗೆ ಫೋನ್ ಮಾಡಿ ಸೀಟು ಕೇಳಬೇಕಿತ್ತು. ಎಲ್ಲೋ ಒಂದು ಬಸ್ಸಲ್ಲಿ ಸೀಟು ಖಾಲಿ ಇದ್ದರೂ ಇಲ್ಲಿ ಕೂತ ಏಜೆಂಟ್‌ಗೆ ಅದು ತಿಳಿಯುತ್ತಲೇ ಇರಲಿಲ್ಲ. ಅಂದರೆ ಸೀಟಿಗಿಂತ ಜಾಸ್ತಿ ಮಾಹಿತಿಯದ್ದೇ ಕೊರತೆ! ಅದನ್ನು ನೀಗಿಸಲು 2006ರಲ್ಲಿ ಗೆಳೆಯರ ಜೊತೆ ರೆಡ್‌ಬಸ್ ಕಂಪನಿ ಶುರು ಮಾಡಿದರು.

ನೀವೂ ಜನರನ್ನು ಮಾತಾಡಿಸುವಾಗ "ಕಳೆದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು?" ಅಂತ ಕೇಳಿ. "ಆ್ಯಪ್ ಮಾಡಿದರೆ ಬಳಸ್ತೀರಾ?" ಅಂದರೆ ಸಂಕೋಚಕ್ಕೇ ಎಲ್ಲರೂ ಹೂಂ ಅಂತಾರೆ.