ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್‌ನಲ್ಲಿ ಫಾರ್ಮಲ್ ರಿಪೋರ್ಟ್ ಬರೆಯೋದನ್ನು ಹೇಗೆ ಕಲಿಯಬೇಕು?

ನೀವು ನವಲಗುಂದದ ಕಡೆಯವರು, ಡಿಪ್ಲೊಮಾ ಮುಗಿಸಿ ಈಗ ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಚಾಕಣ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೀರಿ. ಮ್ಯಾನೇಜರ್ ರಿಪೋರ್ಟ್ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ, ಯಾವ ಗ್ರಾಮರ್ ಪುಸ್ತಕ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನು ಅಲ್ಲೇ ಹತ್ತಿರದ ಭೋಸರಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಜೂನಿಯರ್‌ಗಳ ರಿಪೋರ್ಟ್ ತಿದ್ದೋದೂ ನನ್ನ ಪಾಲಿಗೆ ಬಂದಿದೆ. ಗ್ರಾಮರ್ ಪುಸ್ತಕ ಸದ್ಯಕ್ಕೆ ಬೇಡ. ನನ್ನ ಮೇಜಿಗೆ ಬರುವ ರಿಪೋರ್ಟ್‌ಗಳಲ್ಲಿ ಇಂಗ್ಲಿಷ್ ಕೆಟ್ಟಿರೋದು ಕಡಿಮೆ, ಕ್ರಮ ಕೆಟ್ಟಿರೋದೇ ಜಾಸ್ತಿ.

ನಾವು ನಡೆದದ್ದನ್ನು ನಡೆದ ಹಾಗೇ ಹೇಳುತ್ತೇವೆ. ಬೆಳಿಗ್ಗೆ ಮೆಷಿನ್ ನಿಂತಿತು, ಆಪರೇಟರ್ ಬಂದು ಹೇಳಿದ, ಹೋಗಿ ಬಿಚ್ಚಿ ನೋಡಿದೆವು, ಕೊನೆಗೆ ನೋಡಿದರೆ ಸೀಲ್ ಹೋಗಿತ್ತು. ಕಟ್ಟೆ ಮೇಲೆ ಕೂತು ಹೇಳೋಕೆ ಇದು ಚೆನ್ನ. ಆದರೆ ರಿಪೋರ್ಟ್ ಕೇಳಿದವರಿಗೆ ಮೊದಲು ಬೇಕಾದದ್ದು ಆ ಸೀಲ್, ಆದ ನಷ್ಟ, ಮುಂದೆ ಏನು ಮಾಡಬೇಕು ಅನ್ನೋದು. ನಿಮ್ಮ ಕಡೆಯದೇ ಒಂದು ವಿಷಯ ತಗೊಳ್ಳಿ. ಮಹದಾಯಿ ನದಿ ನೀರು ಹಂಚಿಕೆಯ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಸಂಪುಟಗಟ್ಟಲೆ ವರದಿ ಕೊಟ್ಟಿತು. ನಿಮ್ಮೂರಿನ ರೈತರು ಕೇಳಿದ್ದು ಕರ್ನಾಟಕಕ್ಕೆ ಎಷ್ಟು ಟಿಎಂಸಿ ಅಂತ ಮಾತ್ರ. 13.42 ಅನ್ನೋ ಉತ್ತರ ಸಿಕ್ಕ ಮೇಲೆ ತಾನೇ ಯಾಕೆ ಇಷ್ಟೇ, ಯಾವ ಲೆಕ್ಕ ಅಂತ ಜಗಳ ಶುರುವಾಗೋದು? ನಿಮ್ಮ ಮ್ಯಾನೇಜರೂ ಅದೇ ರೈತರ ಹಾಗೆ ಓದುತ್ತಾರೆ.

ಹಾಗಾಗಿ ಕಂಪ್ಯೂಟರ್ ತೆರೆಯೋ ಮೊದಲು ಕನ್ನಡದಲ್ಲೇ ಒಂದು ಚೀಟಿ ಬರೆಯಿರಿ. ರಿಪೋರ್ಟ್ ಕೇಳಿದವರು ಯಾರು? ಕೇಳಿದ್ದೇನು? ಓದಿ ಏನು ತೀರ್ಮಾನ ಮಾಡಬೇಕಿದೆ? ದೊಡ್ಡ ವರದಿಗಳಲ್ಲಿ ಟರ್ಮ್ಸ್ ಆಫ್ ರೆಫರೆನ್ಸ್ ಅಂತ ಇರೋದು ಹೆಚ್ಚು ಕಡಿಮೆ ಇದೇ. ಇದು ಸ್ಪಷ್ಟವಿಲ್ಲದಿದ್ದರೆ ಹೋಗಿ ಮ್ಯಾನೇಜರನ್ನೇ ಕೇಳಿ. ನಾಚಿಕೆ ಬೇಡ, ಎಷ್ಟೋ ಸಲ ಅವರಿಗೂ ಅದು ಸ್ಪಷ್ಟ ಇರೋದಿಲ್ಲ.

ರಿಪೋರ್ಟ್‌ನ ಭಾಗಗಳು ನಿಮಗೆ ಎಲ್ಲಾದರೂ ಸಿಗುತ್ತವೆ: ಟೈಟಲ್ ಪೇಜ್, ಎಕ್ಸಿಕ್ಯುಟಿವ್ ಸಮರಿ (ಸಾರಾಂಶ), ಇಂಟ್ರೊಡಕ್ಷನ್, ಮೆಥಡ್, ಫೈಂಡಿಂಗ್ಸ್ (ಕಂಡುಬಂದದ್ದು), ಕನ್‌ಕ್ಲೂಷನ್ (ತೀರ್ಮಾನ), ರೆಕಮೆಂಡೇಶನ್ (ಶಿಫಾರಸು), ಅಪೆಂಡಿಕ್ಸ್ (ಅನುಬಂಧ). ಆದರೆ ಓದುವ ಕ್ರಮದಲ್ಲೇ ಬರೆಯೋಕೆ ಕೂತರೆ ಇಂಟ್ರೊಡಕ್ಷನ್‌ನಲ್ಲೇ ಅರ್ಧ ದಿನ ಹೋಗುತ್ತದೆ. ಮೊದಲು ಟೇಬಲ್‌ಗಳನ್ನು ಮಾಡಿ, ಫೈಂಡಿಂಗ್ಸ್ ಬರೆಯಿರಿ. ಆಮೇಲೆ ಕನ್‌ಕ್ಲೂಷನ್, ರೆಕಮೆಂಡೇಶನ್. ನಂತರ ಇಂಟ್ರೊಡಕ್ಷನ್. ಓದುವವರು ಮೊದಲು ನೋಡುವ ಸಮರಿಯನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ.

ಜಾಸ್ತಿ ಜನ ಎಡವೋದು ಫೈಂಡಿಂಗ್, ಕನ್‌ಕ್ಲೂಷನ್, ರೆಕಮೆಂಡೇಶನ್ ಮೂರನ್ನೂ ಕಲಸಿಬಿಡೋದರಲ್ಲಿ. ಒಂದು ಕಲ್ಪನೆಯ ಉದಾಹರಣೆ ಕೊಡುತ್ತೇನೆ. "ಜೂನ್‌ನಲ್ಲಿ 4,200 ಪೀಸ್‌ಗಳಲ್ಲಿ 189 ರಿಜೆಕ್ಟ್ ಆದವು, ಅಂದರೆ ಶೇ 4.5, ಅದರಲ್ಲಿ 150 ರಾತ್ರಿ ಪಾಳಿಯವು." ಇದು ಫೈಂಡಿಂಗ್. ಯಾರು ಎಣಿಸಿದರೂ ಅಷ್ಟೇ ಬರಬೇಕು. "ರಿಜೆಕ್ಷನ್ ತುಂಬಾ ಜಾಸ್ತಿ ಇದೆ" ಅಂತ ಬರೆದರೆ ಅದು ದೂರು ಅಷ್ಟೇ. "ರಾತ್ರಿ ಪಾಳಿಯಲ್ಲಿ ಟೂಲ್ ತಡವಾಗಿ ಬದಲಾಗುತ್ತಿರೋದರಿಂದ ಸೈಜ್ ತಪ್ಪುತ್ತಿದೆ." ಇದು ಕನ್‌ಕ್ಲೂಷನ್. ಆದರೆ ಮೇಲಿನ ಅಂಕಿ ಒಂದರಿಂದಲೇ ಈ ಮಾತು ಹುಟ್ಟೋದಿಲ್ಲ. ಟೂಲ್ ಬದಲಿಸಿದ ರಿಜಿಸ್ಟರ್, ತಪ್ಪಿದ ಸೈಜ್‌ನ ಅಳತೆ ಎರಡೂ ಫೈಂಡಿಂಗ್ಸ್‌ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಮೀಟಿಂಗ್‌ನಲ್ಲಿ ಪ್ರೊಡಕ್ಷನ್‌ನವರು ನಿಮ್ಮನ್ನು ಸುಮ್ನೆ ಬಿಡೋದಿಲ್ಲ. ಇನ್ನು ರೆಕಮೆಂಡೇಶನ್: ಎಷ್ಟು ಪೀಸ್‌ಗೆ ಒಮ್ಮೆ ಟೂಲ್ ಬದಲಿಸಬೇಕು, ಯಾರ ಜವಾಬ್ದಾರಿ, ಯಾವ ತಾರೀಖಿನೊಳಗೆ. "ಆಪರೇಟರ್‌ಗಳು ಎಚ್ಚರಿಕೆಯಿಂದ ಕೆಲಸ ಮಾಡಬೇಕು" ಅನ್ನೋದು ಗೋಡೆ ಬರಹ, ರೆಕಮೆಂಡೇಶನ್ ಅಲ್ಲ. ಫೈಂಡಿಂಗ್ಸ್‌ನಲ್ಲಿ ಆಧಾರವಿಲ್ಲದ ಹೊಸ ಅಂಕಿಯನ್ನೂ ರೆಕಮೆಂಡೇಶನ್‌ನಲ್ಲಿ ತರಬೇಡಿ.

ಉಳಿದ ಲೆಕ್ಕ, ಫೋಟೊ, ಪೂರ್ತಿ ಡೇಟಾ ಎಲ್ಲ ಅಪೆಂಡಿಕ್ಸ್‌ಗೆ ಹೋಗಲಿ. ಇದು ಹೊಸ ಫ್ಯಾಷನ್ ಏನಲ್ಲ. ಮಹಾಯುದ್ಧದ ನಡುವೆ, 1940ರ ಆಗಸ್ಟ್‌ನಲ್ಲಿ, ಬ್ರಿಟನ್ ಪ್ರಧಾನಿ ಚರ್ಚಿಲ್ ತಮ್ಮ ಸರ್ಕಾರಕ್ಕೆ ಟಿಪ್ಪಣಿ ಕಳಿಸಿದ್ದೇ ಈ ವಿಷಯಕ್ಕೆ: ಮುಖ್ಯ ಮಾತು ಚಿಕ್ಕ ಪ್ಯಾರಾಗಳಲ್ಲಿರಲಿ, ವಿವರ ಅಪೆಂಡಿಕ್ಸ್‌ನಲ್ಲಿರಲಿ ಅಂತ.

ಈಗ ಇಂಗ್ಲಿಷ್. ಮಾಡಿದ ಕೆಲಸಕ್ಕೆ ಭೂತಕಾಲ: 'ದ ಸೀಲ್ ವಾಸ್ ರಿಪ್ಲೇಸ್ಡ್.' ಟೇಬಲ್ ತೋರಿಸುವುದಕ್ಕೆ ವರ್ತಮಾನ: 'ಟೇಬಲ್ 2 ಶೋಸ್.' ಒಂದು ವಾಕ್ಯಕ್ಕೆ ಒಂದೇ ಸಂಗತಿ. 'ಕೈಂಡ್ಲಿ ಡು ದ ನೀಡ್‌ಫುಲ್' ಬಿಟ್ಟುಬಿಡಿ. ಏನು ಮಾಡಬೇಕು ಅಂತ ಹೇಳೋಕೇ ತಾನೇ ರಿಪೋರ್ಟ್ ಬರೆಯೋದು? ಶುರುವಿಗೆ ಇಷ್ಟು ಸಾಕು.

ಚಾಕಣ್‌ನಲ್ಲಿದ್ದೀರಿ ಅಂದ ಮೇಲೆ ರಿಪೋರ್ಟ್ ಹೊರದೇಶಕ್ಕೂ ಹೋಗಬಹುದು. 06/07 ಅಂತ ಬರೆದರೆ ನಮಗೆ ಜುಲೈ 6, ಅಮೆರಿಕದವರಿಗೆ ಜೂನ್ 7. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಲಕ್ಷ, ಕೋಟಿ ಅವರಿಗೆ ತಿಳಿಯೋದಿಲ್ಲ, 1,00,000ದ ಬದಲು 100,000 ಅಂತ ಹಾಕಿ. ಗ್ರಾಹಕರು 8ಡಿ ರಿಪೋರ್ಟ್ (ಸಮಸ್ಯೆಯ ಮೂಲ ಹುಡುಕಿ ಸರಿಪಡಿಸಿದ್ದನ್ನು ತೋರಿಸುವ ರಿಪೋರ್ಟ್) ಕೇಳಿದರೆ ಅದರ ಎಂಟು ಹಂತ ಮೊದಲೇ ನಿಗದಿಯಾಗಿವೆ, ಅಲ್ಲಿ ನಿಮ್ಮ ಕ್ರಮ ನಡೆಯೋದಿಲ್ಲ.

ಅಭ್ಯಾಸಕ್ಕೆ ಮುಂಬೈಯ ರಿಸರ್ವ್ ಬ್ಯಾಂಕ್‌ನ ಸಮಿತಿ ವರದಿಗಳು ಒಳ್ಳೆಯವು. ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಬ್ಯಾಂಕಿಂಗ್ ಅರ್ಥವಾಗದಿದ್ದರೂ ಪರವಾಗಿಲ್ಲ. ಸಮಿತಿಗೆ ಕೇಳಿದ ಪ್ರಶ್ನೆಗಳನ್ನು ಓದಿ, ನೇರ ಶಿಫಾರಸುಗಳಿಗೆ ಹೋಗಿ, ಯಾವ ಪ್ರಶ್ನೆಗೆ ಯಾವುದು ಉತ್ತರ ಅಂತ ಹೊಂದಿಸಿ ನೋಡಿ. ಆಮೇಲೆ ನಿಮ್ಮ ಕಂಪನಿಯದೇ ಒಂದು ಹಳೇ ರಿಪೋರ್ಟ್ ತಗೊಂಡು ಫೈಂಡಿಂಗ್, ಕನ್‌ಕ್ಲೂಷನ್, ರೆಕಮೆಂಡೇಶನ್‌ಗಳಿಗೆ ಮೂರು ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿ. ಯಾವ ಬಣ್ಣವೂ ಹತ್ತದ ವಾಕ್ಯಗಳು ಎಷ್ಟು ಉಳಿಯುತ್ತವೆ ಅಂತ ನೋಡಿ, ನಗು ಬರುತ್ತದೆ.

ಎಐಗೆ ಕೊಟ್ಟು ಬರೆಸಬಹುದಾ ಅಂತಲೂ ಕೇಳಿದ್ದೀರಿ. ನೀವು ಬರೆದದ್ದರ ಸ್ಪೆಲ್ಲಿಂಗ್, ಗ್ರಾಮರ್ ತಿದ್ದಿಸಿಕೊಳ್ಳೋಕೆ ಸರಿ. ಆದರೆ ಕಂಪನಿಯ ಒಪ್ಪಿಗೆ ಇಲ್ಲದೆ ಡೇಟಾ ಹಾಕಬೇಡಿ. ಒಪ್ಪಿಗೆ ಇದ್ದರೂ ತಿದ್ದಿ ಬಂದ ಮೇಲೆ ಪ್ರತಿ ಅಂಕಿಯನ್ನೂ ರಿಜಿಸ್ಟರ್ ಪಕ್ಕದಲ್ಲಿಟ್ಟು ಮತ್ತೆ ತಾಳೆ ನೋಡಿ.