ಲೇಬಲ್ ಮುಚ್ಚಿಟ್ಟು ಕುಡೀರಿ: ಬರ್ಬನ್, ಸ್ಕಾಚ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೇಲಿ ಯಾವ್ದೋ ಮಾತಿಗೆ "ಲೇಬಲ್ ನೋಡ್ದೆ ಕುಡಿದಾಗ ನಂಗೆ 12 ವರ್ಷದ ಸ್ಕಾಚಿಗಿಂತ ಅದಕ್ಕಿಂತ ಕಮ್ಮಿ ರೇಟಿನ ಬರ್ಬನ್ನೇ ಹಿಡಿಸ್ತು" ಅಂತ ಒಂದು ಸಾಲು ಬರೆದುಬಿಟ್ಟಿದ್ದೆ (ಸ್ಕಾಚ್ ಅಂದ್ರೆ ಸ್ಕಾಟ್ಲೆಂಡಿನ ವಿಸ್ಕಿ, ಬರ್ಬನ್ ಅಂದ್ರೆ ಅಮೆರಿಕದ ಮೆಕ್ಕೆಜೋಳದ ವಿಸ್ಕಿ, ವರ್ಷ ಅಂದ್ರೆ ಮರದ ಪೀಪಾಯೀಲಿ ಮಾಗಿಸಿದ ಕಾಲ). ಅಷ್ಟಕ್ಕೇ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಶುರು. ಇಬ್ಬರು ಬೈದಿದ್ದಾರೆ, ಉಳಿದವರು ಪ್ರಶ್ನೆ ಕೇಳಿದ್ದಾರೆ. ಬೈದವರಿಗೆ ನಮಸ್ಕಾರ, ಕೇಳಿದವರಿಗೆ ಉತ್ತರ ಇಲ್ಲಿದೆ.

ನಾವು ನಾಲ್ಕು ಜನ ಸ್ನೇಹಿತರು ತಿಂಗಳಿಗೊಂದು ಶನಿವಾರ ಸೇರ್ತೀವಿ. ಟೀಚರ್ಸ್, ಬ್ಲ್ಯಾಕ್ ಅಂಡ್ ವೈಟ್, ಬ್ಲ್ಯಾಕ್ ಲೇಬಲ್ ಅಂತ ಮೂರು ಸ್ಕಾಚು, ಜಿಮ್ ಬೀಮ್ ಅಂತ ಒಂದು ಬರ್ಬನ್ನು, ಇಷ್ಟು ಇದೆ. ಯಾವ್ದು ಚೆನ್ನಾಗಿದೆ ಅಂತ ಪ್ರತಿ ಸಲ ಜಗಳ. ಮನೇಲೇ ಸರಿಯಾಗಿ ಹೋಲಿಸಿ ನೋಡೋದು ಹೇಗೆ ಸರ್? (ಮೈಸೂರು)

ಜಗಳ ನಿಲ್ಲಲ್ಲ ಸ್ವಾಮಿ, ಆದ್ರೆ ಜಗಳಕ್ಕೊಂದು ಲೆಕ್ಕ ಸಿಗತ್ತೆ. ಮೊದಲ್ನೇ ಕೆಲಸ, ಕುಡಿಯೋರು ಯಾರೂ ಸುರೀಬಾರ್ದು. ಆ ದಿನ ಕುಡೀದೇ ಇರೋ ಒಬ್ರನ್ನ ಹಿಡ್ಕೊಂಡು ಅಡುಗೆಮನೇಲಿ ಸುರಿಯೋಕೆ ಹೇಳಿ, ಗ್ಲಾಸ್ ತಳಕ್ಕೆ ಅ, ಆ, ಇ, ಈ ಅಂತ ಚೀಟಿ ಅಂಟಿಸ್ಲಿ, ಯಾವ ಅಕ್ಷರಕ್ಕೆ ಯಾವ ಬಾಟ್ಲಿ ಅನ್ನೋದನ್ನ ಅವರೇ ಬರೆದು ತಮ್ಮ ಜೇಬಲ್ಲಿ ಇಟ್ಕೊಳ್ಲಿ. ನಮ್ಮನೇಲಿ ಈ ಕೆಲಸ ನಮ್ಮ ಮನೆಯವರದ್ದು, ಅವರು ಒಂದು ಹನಿ ಕುಡಿಯಲ್ಲ, ಆದ್ರೆ ಮೂಗು ಮಾತ್ರ ನಂಗಿಂತ ಚುರುಕು. ಜಿಮ್ ಬೀಮ್ ಗ್ಲಾಸ್ ತಂದು ಇಡ್ತಾ ಹಂಗೇ ಮೂಸಿ "ಇದು ಕಡಲೆಕಾಯಿ ಚಿಕ್ಕಿ ಕಣ್ರೀ" ಅಂದ್ರು. ನಾನು ಹತ್ತು ವರ್ಷದಿಂದ ಕುಡಿದು ಕಂಡುಹಿಡೀದೇ ಇದ್ದದ್ದನ್ನ ಅವರು ಎರಡು ಸೆಕೆಂಡಲ್ಲಿ ಹೇಳಿದ್ರು. ಆಮೇಲೆ ನೋಡಿದ್ರೆ ಹೌದು, ಹುರಿದ ಕಡಲೆಬೀಜ, ಬೆಲ್ಲದ ಪಾಕ, ಎರಡೂ ಇದೆ.

ಒಂದೊಂದು ಗ್ಲಾಸಿಗೆ 15 ಎಂಎಲ್ ಸಾಕು. ನಾಲ್ಕಕ್ಕೆ ಸೇರಿ 60, ಅಂದ್ರೆ ಒಂದು ಲಾರ್ಜು ಅಷ್ಟೇ. ಅದಕ್ಕಿಂತ ಜಾಸ್ತಿ ಹಾಕ್ಕೊಂಡ್ರೆ ಮೂರನೇ ಗ್ಲಾಸಿಗೆ ಬರೋ ಹೊತ್ತಿಗೆ ಎಲ್ಲಾ ಚೆನ್ನಾಗೇ ಇರತ್ತೆ, ಆಗ ಕೊಟ್ಟ ಮಾರ್ಕಿಗೆ ಬೆಲೆ ಇಲ್ಲ. ಗ್ಲಾಸು ಬಾಯಿ ಹತ್ರ ಸ್ವಲ್ಪ ಕಿರಿದಾಗಿರ್ಬೇಕು, ಚಿಕ್ಕ ವೈನ್ ಗ್ಲಾಸ್ ಆದ್ರೂ ನಡೆಯತ್ತೆ, ಅಗಲ ಬಾಯಿಯ ಲೋಟದಲ್ಲಿ ವಾಸನೆ ಎಲ್ಲಾ ಹಾರಿಹೋಗತ್ತೆ. ನಾಲ್ಕೂ ಗ್ಲಾಸ್ ಒಂದೇ ಥರದ್ದಿರ್ಲಿ. ಮತ್ತೆ ಇದೊಂದು ನನ್ನ ಅನುಭವದ ಮಾತು, ಆ ಹೊತ್ತಲ್ಲಿ ಅಡುಗೆಮನೇಲಿ ಒಗ್ಗರಣೆ ಹಾಕಬೇಡಿ. ನಾನು ಒಂದ್ಸಲ ಎಲ್ಲಾ ಜೋಡಿಸಿಕೊಂಡು ಕೂತಾಗ ಒಳಗಡೆ ಸಾರಿಗೆ ಇಂಗಿನ ಒಗ್ಗರಣೆ ಬಿತ್ತು, ನಾಲ್ಕು ಗ್ಲಾಸೂ ಇಂಗೇ. ಊದುಬತ್ತೀನೂ ಅಷ್ಟೇ, ನಿಂಬೆ ವಾಸನೆಯ ಪಾತ್ರೆ ಸೋಪಲ್ಲಿ ತೊಳೆದು ಸರಿಯಾಗಿ ಜಾಲಿಸದ ಗ್ಲಾಸೂ ಅಷ್ಟೇ.

ಈಗ ಮುಖ್ಯವಾದದ್ದು, ಸ್ಟ್ರಾಂಗು. ಇದನ್ನ ಯಾರೂ ನೋಡಲ್ಲ. ಇಲ್ಲಿ ಬಾಟ್ಲಿಂಗ್ ಆಗೋ ಹಲವು ಸ್ಕಾಚಲ್ಲಿ ಆಲ್ಕೋಹಾಲ್ 42.8 ಪರ್ಸೆಂಟ್ ಇರತ್ತೆ (ಸ್ಟ್ರಾಂಗ್ ಅಳೆಯೋ ಬ್ರಿಟಿಷರ ಕಾಲದ ಹಳೇ ಪ್ರೂಫ್ ಲೆಕ್ಕದಲ್ಲಿ 75 ಡಿಗ್ರಿ ಅಂದ್ರೆ ಅಷ್ಟಾಗತ್ತೆ, ಅದನ್ನೇ ಇನ್ನೂ ಹಿಡ್ಕೊಂಡಿದೀವಿ), ಹೊರಗಡೆಯಿಂದ ಬರೋದು 40 ಇರಬಹುದು, ಕೆಲವು ಬರ್ಬನ್ನು 50 ದಾಟಿರತ್ತೆ. ಜಾಸ್ತಿ ಸ್ಟ್ರಾಂಗಿಂದು ಒಂದೋ "ಏನ್ ಕಿಕ್ಕು" ಅನ್ಸತ್ತೆ, ಇಲ್ಲಾ ಗಂಟಲು ಸುಡ್ತು ಅನ್ಸತ್ತೆ, ಎರಡೂ ರುಚಿ ಅಲ್ಲ. ಅದಕ್ಕೇ ಸಮ ಮಾಡ್ಕೊಳ್ಳಿ. 50.5 ಪರ್ಸೆಂಟಿನ ವೈಲ್ಡ್ ಟರ್ಕಿ 101 ಅನ್ನೋ ಬರ್ಬನ್ ಇದ್ರೆ 20 ಎಂಎಲ್‌ಗೆ ಒಂದು ಟೀ ಚಮಚ, ಅಂದ್ರೆ 5 ಎಂಎಲ್ ನೀರು ಹಾಕಿದ್ರೆ 40ರ ಹತ್ರ ಬಂದು ನಿಲ್ಲತ್ತೆ. ನೀರು ಹಾಕಿದ್ರೆ ಕೆಟ್ಟೋಗತ್ತೆ ಅನ್ನೋ ಭಯ ಬೇಡ. ಸ್ವೀಡನ್ನಿನ ಲಿನೇಯಸ್ ಯೂನಿವರ್ಸಿಟಿಯ ಇಬ್ಬರು 2017ರಲ್ಲಿ ಕಂಪ್ಯೂಟರ್ ಮೇಲೆ ಲೆಕ್ಕ ಹಾಕಿ ತೋರಿಸಿದ್ದೇ ಅದು, ಹೊಗೆ ವಾಸನೆ ಕೊಡೋ ಗ್ವಾಯಕೋಲ್ ಅನ್ನೋ ಅಂಶ ನೀರು ಬೆರೆಸಿದಾಗ ಮೇಲ್ಮೈಗೆ ಬರತ್ತಂತೆ, ಅಂದ್ರೆ ಮೂಗಿಗೆ ಹತ್ರ. ಐಸ್ ಮಾತ್ರ ಬೇಡ, ತಣ್ಣಗಾದ್ರೆ ವಾಸನೆ ಮುದುಡಿಕೊಳ್ಳತ್ತೆ. ಹೋಲಿಸೋದು ಮುಗಿದ್ಮೇಲೆ ಬೇಕಾದಷ್ಟು ಐಸ್ ಹಾಕ್ಕೊಳ್ಳಿ, ನಾನೂ ಹಾಕ್ಕೋತೀನಿ.

ಮೂಗನ್ನ ಗ್ಲಾಸೊಳಗೆ ತುರುಕಬೇಡಿ, ಬಾಯಿ ಸ್ವಲ್ಪ ತೆರೆದು ಅಂಚಿನ ಮೇಲಿಂದ ಮೂಸಿ. ಹೊಗೆ ವಾಸನೆ ಇರೋ ವಿಸ್ಕೀನ ಕೊನೆಗೆ ಇಡೋಕೆ ಸುರಿಯೋರಿಗೆ ಮೊದ್ಲೇ ಹೇಳಿರಿ, ಇಲ್ದಿದ್ರೆ ಅದರ ಮುಂದೆ ಉಳಿದದ್ದೆಲ್ಲಾ ಸಪ್ಪೆ. ಮಧ್ಯೆ ತಿನ್ನೋಕೆ ಖಾರದ ಮಿಕ್ಸ್ಚರ್, ಕಬಾಬ್ ಯಾವ್ದೂ ಬೇಡ, ಬರೀ ಮಂಡಕ್ಕಿ, ಜೊತೆಗೆ ನೀರು. ಎಲ್ರೂ ಮಾರ್ಕ್ಸ್ ಬರೆದು ಮುಗಿಸೋ ತನಕ ಯಾರೂ ಬಾಯಿ ಬಿಡಬಾರ್ದು, ಯಾಕಂದ್ರೆ ನಿಮ್ಮ ಗುಂಪಲ್ಲಿ ಜೋರು ಮಾತಿನವನೊಬ್ಬ ಇದ್ದೇ ಇರ್ತಾನೆ, ಅವನು "ಆಹಾ" ಅಂದ ತಕ್ಷಣ ಉಳಿದ ಮೂರು ಜನರ ನಾಲಿಗೇನೂ ಆಹಾ ಅನ್ನತ್ತೆ.

ಇನ್ನೊಂದು ಆಟ ಹೇಳ್ತೀನಿ. ಮೂರು ಗ್ಲಾಸ್ ತಗೊಂಡು ಎರಡರಲ್ಲಿ ಒಂದೇ ವಿಸ್ಕಿ, ಮೂರನೇದ್ರಲ್ಲಿ ಬೇರೆ, ಆ ಬೇರೆ ಯಾವ್ದು ಹೇಳಿ. ಸುಮ್ನೆ ಊಹೆ ಮಾಡಿದ್ರೂ ಮೂರಕ್ಕೊಂದು ಸಲ ಸರಿಯಾಗತ್ತೆ, ಆದ್ರಿಂದ ಒಂದ್ಸಲ ಗೆದ್ದು ಕಾಲರ್ ಎತ್ತಬೇಡಿ, ಆರು ಸಲ ಮಾಡಿ ನೋಡಿ. ಬ್ಲ್ಯಾಕ್ ಲೇಬಲ್ ಬಿಟ್ಟು ಬೇರೆ ಮುಟ್ಟಲ್ಲ ಅಂತಿದ್ದ ನನ್ನ ಗೆಳೆಯನೊಬ್ಬ ಆರರಲ್ಲಿ ಎರಡು ಸಲ ಹೇಳಿದ. ಈಗ್ಲೂ ಬ್ಲ್ಯಾಕ್ ಲೇಬಲ್ಲೇ ಕುಡೀತಾನೆ ಬಿಡಿ.

12 ವರ್ಷದ ಸ್ಕಾಚ್ ಮುಂದೆ 4 ವರ್ಷದ ಬರ್ಬನ್ ಹಾಲು ಕುಡಿಯೋ ಮಗು ಅಲ್ವಾ? ಅದನ್ನ ಇದರ ಪಕ್ಕ ಇಡೋದೇ ತಪ್ಪು. (ಹುಬ್ಬಳ್ಳಿ)

ಇಬ್ಬರ ಮನೇನೂ ಬೇರೆ ಸರ್. ಬರ್ಬನ್ನನ್ನ ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯೀಲಿ ಇಡಬೇಕು ಅಂತ ಅಮೆರಿಕದ ಕಾನೂನೇ ಇದೆ. ಧಾನ್ಯದಲ್ಲಿ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಇರ್ಬೇಕು ಅನ್ನೋದೂ ಅದರಲ್ಲೇ ಇದೆ. ಹೊಸ ಮರ, ಮೇಲೆ ಬರ್ಬನ್ ಹೆಚ್ಚಾಗಿ ಮಾಡೋ ಕೆಂಟಕಿ ರಾಜ್ಯದ ಬೇಸಿಗೆ ಸೆಖೆ, ಅದಕ್ಕೇ ವೆನಿಲಾ, ಕ್ಯಾರಮೆಲ್, ಕೊಬ್ಬರಿ ಥರದ ವಾಸನೆ ಬೇಗ ಇಳಿಯತ್ತೆ. ಬಹಳ ವರ್ಷ ಬಿಟ್ರೆ ಮರ ಚೀಪಿದಂಗೆ ಒಗರು. ಸ್ಕಾಚಿಗೆ ಕಮ್ಮಿ ಅಂದ್ರೆ 3 ವರ್ಷ ಓಕಲ್ಲಿರ್ಬೇಕು, ಆದ್ರೆ ಪೀಪಾಯಿ ಹೊಸದಿರ್ಬೇಕು ಅಂತಿಲ್ಲ. ಬಹುಪಾಲು ಬರ್ಬನ್ ತುಂಬಿಟ್ಟು ಖಾಲಿಯಾದ ಪೀಪಾಯಿಗಳೇ ಸ್ಕಾಟ್ಲೆಂಡಿಗೆ ಹೋಗ್ತವೆ. ಒಂದ್ಸಲ ಸೋಸಿದ ಕಾಫಿಪುಡಿಗೇ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸಿದಂಗೆ. ಊರೂ ತಂಪು, ಪೀಪಾಯೀನೂ ಹಳೇದು, ಅದಕ್ಕೇ 12 ವರ್ಷ ಬೇಕಾಗತ್ತೆ. ಅಂದ್ರೆ ನೀವು ಮಗು ಅಂತಿರೋ ಬರ್ಬನ್ನೇ ನಿಮ್ಮ ಹಿರಿಯರ ಮನೆಗೆ ಪೀಪಾಯಿ ಕಳಿಸ್ತಿರೋದು.

ಬಣ್ಣ ನೋಡಿ ವಯಸ್ಸು ಅಳೀಬೇಡಿ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಬೆರೆಸೋಕೆ ಅನುಮತಿ ಇದೆ, ಸ್ಟ್ರೇಟ್ ಬರ್ಬನ್ನಿಗೆ (ಕನಿಷ್ಠ 2 ವರ್ಷ ಮಾಗಿಸಿ, ಬಣ್ಣ ರುಚಿ ಏನೂ ಬೆರೆಸದ್ದು) ಇಲ್ಲ. ಲೇಬಲ್ಲಿನ ಮೇಲೆ 12 ಅಂತ ಇದ್ರೆ ಅದು ಒಳಗಿರೋದ್ರಲ್ಲಿ ಅತಿ ಚಿಕ್ಕದರ ವಯಸ್ಸು. ಸ್ಟ್ರೇಟ್ ಬರ್ಬನ್ ಬಾಟ್ಲಿ ಮೇಲೆ ವಯಸ್ಸೇ ಇಲ್ಲ ಅಂದ್ರೆ ಕನಿಷ್ಠ 4 ವರ್ಷ ಆಗಿದೆ ಅಂತ ತಿಳ್ಕೊಳ್ಳಿ, ಅದಕ್ಕಿಂತ ಎಳೇದಾದ್ರೆ ಬರೀಲೇಬೇಕು.

ನಾನು ಟೆಕ್ಸಸ್‌ನಲ್ಲಿ ಇದ್ದೀನಿ. ದಾವಣಗೆರೆಯಿಂದ ಅಪ್ಪಾಜಿ ಬರ್ತಿದ್ದಾರೆ, ಯಾವಾಗ್ಲೂ ಸ್ಕಾಚಿಗೆ ಸೋಡಾ ಹಾಕ್ಕೊಂಡೇ ಕುಡಿಯೋರು. ಇಲ್ಲಿನ ಬರ್ಬನ್ ರುಚಿ ತೋರಿಸ್ಬೇಕು, ತುಂಬಾ ದುಡ್ಡು ಸುರಿಯೋ ಮನಸ್ಸಿಲ್ಲ. ಯಾವ್ದು ತರ್ಲಿ?

ಒಳ್ಳೇ ಪ್ರಶ್ನೆ ಕಣಮ್ಮ, ಮತ್ತೆ ನೀನಿರೋದು ಬರ್ಬನ್ ಸೋವಿಯಾಗಿ ಸಿಗೋ ದೇಶದಲ್ಲೇ. ಎಲ್ರೂ ಮೇಕರ್ಸ್ ಮಾರ್ಕ್ ತಗೋ ಅಂತಾರೆ, ಅದರಲ್ಲಿ ರೈ (ಗೋಧಿ ಥರದ್ದೇ ಚುರುಕು ರುಚಿಯ ಧಾನ್ಯ) ಬದಲು ಗೋಧಿ ಇರತ್ತೆ, ಮೆತ್ತಗೆ ಸಿಹಿ, ಏನೂ ಬೆರೆಸದೇ ಕುಡಿಯೋಕೆ ಚೆನ್ನ. ಆದ್ರೆ ಸೋಡಾ ಬಿದ್ರೆ ಆ ಮೆತ್ತನೆ ರುಚಿ ಎಲ್ಲೋ ಕರಗಿಹೋಗತ್ತೆ ಅಂತ ನನ್ನ ಅಭಿಪ್ರಾಯ. ಸೋಡಾದವರಿಗೆ ಸ್ಟ್ರಾಂಗೂ ಬೇಕು, ಮೆಣಸಿನ ಚುರುಕೂ ಬೇಕು. ಲೇಬಲ್ ಮೇಲೆ ಬಾಟಲ್ಡ್ ಇನ್ ಬಾಂಡ್ ಅಂತ ಇರೋದನ್ನ ಹುಡುಕು. 1897ರ ಕಾನೂನು ಅದು, ಆಗ ವಿಸ್ಕಿಗೆ ಏನೇನೋ ಬೆರೆಸಿ ಮಾರೋರ ಕಾಟ ಜಾಸ್ತಿಯಾಗಿ ಸರ್ಕಾರವೇ ಗ್ಯಾರಂಟಿಗೆ ನಿಂತಿತ್ತು: ಒಂದೇ ಡಿಸ್ಟಿಲರಿ, ಒಂದೇ ಸೀಸನ್ನಿಂದು, ಕನಿಷ್ಠ 4 ವರ್ಷ, ಸರಿಯಾಗಿ 50 ಪರ್ಸೆಂಟ್. ಇವತ್ತಿಗೂ ಅಗ್ಗದ ಬರ್ಬನ್ ಆರಿಸೋಕೆ ಅದಕ್ಕಿಂತ ಒಳ್ಳೇ ಗುರುತು ನಂಗೆ ಗೊತ್ತಿಲ್ಲ. ಎವಾನ್ ವಿಲಿಯಮ್ಸ್ ಬಿಳಿ ಲೇಬಲ್ ಒಂದು, ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ ಇನ್ನೊಂದು. ಎರಡನೇದ್ರಲ್ಲಿ ರೈ ಜಾಸ್ತಿ, ಚುರುಕು ಅದರಿಂದಾನೇ ಬರೋದು. ಅಪ್ಪಾಜಿಗೆ "ತಾತ" ಅನ್ನೋ ಹೆಸರಿನ ಬಾಟ್ಲಿ ಕೊಡ್ತಿದೀಯ ಅಂತ ಬೇಜಾರಾದ್ರೆ ಮೊದಲ್ನೇದು ತಗೋ.

ಒಂದು ಎಚ್ಚರಿಕೆ. ಅವರು ಬ್ಲ್ಯಾಕ್ ಲೇಬಲ್ ಥರದ್ದು ಕುಡಿಯೋರಾದ್ರೆ ಆ ಸಣ್ಣ ಹೊಗೆ ಇದರಲ್ಲಿ ಸಿಗಲ್ಲ. ಪೀಪಾಯಿ ಸುಟ್ಟಿರ್ತಾರೆ ನಿಜ, ಅದರಿಂದ ಸಿಹಿ ಬರತ್ತೆ ಹೊರತು ಹೊಗೆ ಅಲ್ಲ. ಮೊದಲ ಗುಟುಕಿಗೇ "ಇದೇನಮ್ಮ ಸಕ್ಕರೆ ಹಾಕಿದಾರಾ" ಅಂತ ಕೇಳ್ತಾರೆ, ಹಾಕಿಲ್ಲ, ಬರ್ಬನ್ನಿಗೆ ಸಕ್ಕರೆ ಹಾಕೋ ಹಾಗೇ ಇಲ್ಲ ಅಂತ ಹೇಳು. ಆ ಕಡೆ 50 ಎಂಎಲ್ ಪುಟಾಣಿ ಬಾಟ್ಲಿಗಳು ಸಿಗ್ತವೆ, ಮೊದ್ಲು ಅವನ್ನೇ ಮೂರ್ನಾಲ್ಕು ತಂದು ಅವರ ಕೈಲೇ ಆರಿಸಿಸು, ದೊಡ್ಡ ಬಾಟ್ಲಿ ಆಮೇಲೆ.

ಗೆಳೆಯ ಡ್ಯೂಟಿ ಫ್ರೀಯಿಂದ ಲಫ್ರೋಯ್ಗ್ ಅನ್ನೋ ಸ್ಕಾಚ್ ತಂದ. ಥೇಟ್ ಡೆಟಾಲ್. ಹಾಳಾಗಿದೆಯಾ? (ಶಿವಮೊಗ್ಗ)

ಹಾಳಾಗಿಲ್ಲ, ಅದು ಇರೋದೇ ಹಂಗೆ! ಸ್ಕಾಟ್ಲೆಂಡಿನ ಐಲಾ ದ್ವೀಪದ್ದು ಅದು. ಮೊಳಕೆ ಬಂದ ಬಾರ್ಲೀನ ಒಣಗಿಸುವಾಗ ಪೀಟ್ ಸುಟ್ಟು ಹೊಗೆ ಕೊಡ್ತಾರೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಗಟ್ಟಿಯಾದ ಹುಲ್ಲು, ಪಾಚಿ. ಅದರ ಹೊಗೇಲಿ ಫೀನಾಲ್ ಜಾತಿಯ ಅಂಶಗಳು ಇರ್ತವೆ, ಡೆಟಾಲಿನಲ್ಲಿ ಇರೋದೂ ಅದೇ ಜಾತಿಯದ್ದು, ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಒಮ್ಮೆಲೇ ಅಲ್ಲಿಗೆ ಹಾರಿದ್ದು ತಪ್ಪು ಅಷ್ಟೇ. ಟೀಚರ್ಸ್‌ನಿಂದ ಶುರು ಮಾಡಿ, ಅದರಲ್ಲಿ ಆರ್ಡ್‌ಮೋರ್ ಅನ್ನೋ ಹೊಗೆ ಮಾಲ್ಟ್ (ಮೊಳಕೆ ಬಾರ್ಲಿಯ ವಿಸ್ಕಿ) ಬೆರೆಸಿರ್ತಾರೆ, ಹಿತ್ತಲಲ್ಲಿ ನೀರೊಲೆ ಉರೀತಿದ್ರೆ ಪಡಸಾಲೆಗೆ ಬರತ್ತಲ್ಲ ಅಷ್ಟು ಹೊಗೆ. ಅದು ಒಗ್ಗಿದ್ಮೇಲೆ ಆ ಡೆಟಾಲ್ ಬಾಟ್ಲಿ ಮತ್ತೆ ತೆಗೀರಿ. ಅಲ್ಲಿತನಕ ಒಂದು ಮಾಮೂಲಿ ಬ್ಲೆಂಡೆಡ್ (ಹಲವು ವಿಸ್ಕಿ ಬೆರೆಸಿದ) ಸ್ಕಾಚ್ ಪೆಗ್ಗಿಗೆ ಅದರದ್ದು ಅರ್ಧ ಚಮಚ ಬೆರೆಸಿ ನೋಡಿ. ಶುದ್ಧದವರು ಬೈತಾರೆ, ಬೈಲಿ.

ಜಾಕ್ ಡೇನಿಯಲ್ಸ್ ಬರ್ಬನ್ನೋ ಅಲ್ವೋ? (ತುಮಕೂರು)

ಮಾಡೋ ರೀತಿ ಬಹುಪಾಲು ಅದೇ. ಆದ್ರೆ ಪೀಪಾಯಿಗೆ ತುಂಬೋ ಮುಂಚೆ ಮೇಪಲ್ ಮರದ ಇದ್ದಿಲಲ್ಲಿ ಸೋಸ್ತಾರೆ, ಅವರು ತಮ್ಮ ರಾಜ್ಯದ ಹೆಸರಲ್ಲಿ ಟೆನೆಸ್ಸೀ ವಿಸ್ಕಿ ಅಂತಾನೇ ಕರ್ಕೋತಾರೆ. ಮನೇಲಿ ಹೋಲಿಸುವಾಗ ಬರ್ಬನ್ ಸಾಲಲ್ಲೇ ಇಡಿ. ಪಚ್ಚಬಾಳೆ ವಾಸನೆ ಹುಡುಕಿ, ಸಿಗತ್ತೆ.

ನಮ್ಮ ಬೆಂಗಳೂರಿನ ಅಮೃತ್ ವಿಸ್ಕೀನೂ ಸ್ಕಾಚೇ ಅಂತ ವಾದ ಮಾಡಿ ಸೋತೆ. (ಬೆಂಗಳೂರು)

ಸೋಲಲೇಬೇಕು, ಸ್ಕಾಟ್ಲೆಂಡಲ್ಲೇ ಮಾಡಿ ಅಲ್ಲೇ ಮಾಗಿಸಿದ್ದು ಮಾತ್ರ ಸ್ಕಾಚು. ಆದ್ರೆ ಅಮೃತ್ ಸಿಂಗಲ್ ಮಾಲ್ಟನ್ನ (ಒಂದೇ ಡಿಸ್ಟಿಲರಿಯ ಮೊಳಕೆ ಬಾರ್ಲಿ ವಿಸ್ಕಿ) 2004ರಲ್ಲಿ ಮೊದ್ಲು ಬಿಡುಗಡೆ ಮಾಡಿದ್ದೇ ಗ್ಲಾಸ್ಗೋದಲ್ಲಿ, ಸ್ಕಾಚಿನವರ ಮನೆ ಬಾಗಿಲಲ್ಲೇ. ಮುಂದಿನ ಸಲ ವಾದಕ್ಕೆ ಇದನ್ನ ಇಟ್ಕೊಳ್ಳಿ.

ದಿನಾ ಒಂದು ಪೆಗ್ ಹಾರ್ಟಿಗೆ ಒಳ್ಳೇದಂತೆ, ಹೌದಾ? (ಹೆಸರು, ಊರು ಬೇಡ ಅಂದಿದ್ದಾರೆ)

ಇಲ್ಲ. ಮುಂದಿನ ಪ್ರಶ್ನೆ.

ಹೋಲಿಸೋಕೆ ಅಂತ ನಾಲ್ಕು ಬಾಟ್ಲಿ ಓಪನ್ ಮಾಡಿದ್ರೆ ಉಳಿದದ್ದು ಕೆಡಲ್ವಾ? (ಮಂಗಳೂರು)

ವೈನ್ ಥರ ಎರಡು ದಿನಕ್ಕೆ ಕೆಡಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ರೆ ತಿಂಗಳುಗಟ್ಟಲೆ ಇಡಬಹುದು. ಬಿಸಿಲು ಬೀಳದ ಬೀರು ಸಾಕು. ಬಾಟ್ಲಿ ನಿಲ್ಲಿಸೇ ಇಡಿ, ಮಲಗಿಸಿದ್ರೆ ಸ್ಪಿರಿಟ್ಟು ಕಾರ್ಕ್ ತಿಂದುಬಿಡತ್ತೆ. ತಳದಲ್ಲಿ ಸ್ವಲ್ಪ ಉಳಿದದ್ದು ಬೇಗ ಸಪ್ಪೆಯಾಗತ್ತೆ, ಅದನ್ನ ಚಿಕ್ಕ ಬಾಟ್ಲಿಗೆ ಬಗ್ಗಿಸಿಡಿ.

ಹಾಂ, ಗ್ಲಾಸುಗಳನ್ನ ರಾತ್ರಿ ತೊಳೀಬೇಡಿ, ಬೆಳಿಗ್ಗೆ ಎದ್ದು ಖಾಲಿ ಗ್ಲಾಸ್ ಮೂಸಿ. ಬರ್ಬನ್ನಿಂದು ಆಲೆಮನೆ ಪಕ್ಕದ ಮರದ ಪೆಟ್ಟಿಗೆ ಥರ, ಹೊಗೆ ಸ್ಕಾಚಿಂದು ಆರಿದ ಒಲೆ ಬೂದಿ. ನಮ್ಮನೇಲಿ ಮಾತ್ರ ಏಳು ಗಂಟೆ ಒಳಗೆ ಮುಗಿಸ್ಬೇಕು, ಏಳಕ್ಕೆ ಕಾಫಿ ಇಳಿಯತ್ತೆ, ಆಮೇಲೆ ಸಿಂಕಲ್ಲಿ ಗ್ಲಾಸ್ ಕಂಡ್ರೆ ಕಾಫಿ ಸಿಗಲ್ಲ.